ಹಣೆಪಟ್ಟಿಯಿಲ್ಲದ ಡಬ್ಬಿಗಳು

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ಮೂರು ವರ್ಷ ಮಾತು ಬಿಟ್ಟವಳು ಪತ್ರ ಬರೆದಿದ್ದಾಳೆಂದರೆ ಯಾರೋ ಹೋಗಿರಬೇಕು ಅಂತ ಗಾಬರಿಯಾಗಬೇಡ. ಎಲ್ಲರೂ ಗುಂಡುಕಲ್ಲಿನ ಹಾಗಿದ್ದೇವೆ. ನನಗೆ ಬೇಕಾದದ್ದು ಇಷ್ಟೇ: ನಿನ್ನ ಕಿತ್ತಳೆ ಬಿಲ್ಲೆಗೆ ಚಕ್ಕೆಪುಡಿ ಎಷ್ಟು ಹಾಕಬೇಕು? ಚಮಚದ ಲೆಕ್ಕದಲ್ಲಿ ಹೇಳು. ಮೂಗು ಹೇಳುತ್ತೆ ಅಂತ ಜಾರಿಕೊಳ್ಳಬೇಡ.

ಮಗಳ ಪರೀಕ್ಷೆ ಮುಗಿದ ಖುಷಿಗೆ ನಿನ್ನೆ ಮಾಡಿದ್ದೆ. ಸಿಪ್ಪೆಯ ಬಿಳಿಯೂ ಉಳಿಯದ ಹಾಗೆ ಹೆರೆದು, ಬಿಲ್ಲೆಬಿಲ್ಲೆಯಾಗಿ ಕೊಯ್ದು, ಜೇನು ಸುರಿದು, ಕಾಳುಮೆಣಸಿನ ಪುಡಿ ಚಿಟಿಕೆ, ಚಕ್ಕೆಪುಡಿ ಧಾರಾಳ, ಮೇಲೊಂದು ತಟ್ಟೆ. ಒಂದು ಗಂಟೆ ಬಿಟ್ಟು ಬಡಿಸಿದೆ. ನಮ್ಮ ಮನೆಯವರು ವಕೀಲರಲ್ಲವೇ, ಸುಳ್ಳುಸಾಕ್ಷಿಯನ್ನು ನೋಡುವಂತೆ ಬಟ್ಟಲನ್ನೇ ನೋಡಿದರು. ತೀರ್ಪು ಕೊಟ್ಟವಳು ಮಗಳು: "ಅಮ್ಮ, ಇದು ಜೀರಿಗೆ."

ಡಬ್ಬಿಗೆ ಹಣೆಪಟ್ಟಿ ಅಂಟಿಸದ ವಂಶ ನಮ್ಮದು. ಮೂಗಿರುವವರಿಗೆ ಚೀಟಿ ಯಾಕೆ ಅನ್ನುವ ಜಂಬ ಅಮ್ಮನಿಂದ ನಿನಗೆ, ನಿನ್ನಿಂದ ನನಗೆ. ಎರಡೂ ಕಂದು ಪುಡಿ, ನನಗೆ ಅವಸರ, ಆಗಿಹೋಯಿತು. ನಗು ಬಂದರೆ ನಕ್ಕುಬಿಡು.

ಪ್ರೆಸ್ಸಿನ ಮೇಲಿನ ನಮ್ಮ ಕೋಣೆ ನೆನಪಾಯಿತು. ಕೆಳಗೆ ಆಳೆತ್ತರ ಕಾಗದ; ಬೆಂಕಿಕಡ್ಡಿ ಗೀರಿದ ದಿನವೇ ಗಂಟುಮೂಟೆ ಕಟ್ಟಬೇಕೆಂದು ಮಾಲೀಕರ ಕಟ್ಟಪ್ಪಣೆ. ಬೈಂಡಿಂಗ್ ಮುಗಿಸಿ ನೀನು ಬರುವಾಗ ಉಗುರಿನ ಸಂದಿಯಲ್ಲಿ ಅಂಟು. ನನ್ನನ್ನು ಕಾಲೇಜು ಓದಿಸಿದ್ದೇ ಆ ಅಂಟು; ಅದಕ್ಕೇ ಇರಬೇಕು, ನಾನು ಕಿತ್ತರೂ ನಂಟು ಕಿತ್ತುಬರುತ್ತಿಲ್ಲ. ಶನಿವಾರ ಸಂಜೆ ಮಾತ್ರ ನಾಲ್ಕು ಕಿತ್ತಳೆ. ನೀನು ಕೊಯ್ದ ಬಿಲ್ಲೆಯ ಆಚೆಗಿನ ಅಕ್ಷರ ಓದಬಹುದಿತ್ತು. ತಟ್ಟೆ ಎತ್ತಲು ಹೋದರೆ ಕೈಮೇಲೆ ಏಟು: "ತಡಿಯೇ ಮೊಂಡಿ, ಬೆಂಕಿ ಮಾಡೋ ಕೆಲಸಾನ ಹೊತ್ತು ಮಾಡ್ತಿದೆ."

ಕೊನೆಗೆ ನೀನೇ ಎತ್ತಿದಾಗ ಶಾಯಿ ವಾಸನೆ ಮೆಟ್ಟಿಲಿಳಿದು ಓಡಿಹೋಗಿ, ಕೋಣೆ ತುಂಬ ಚಕ್ಕೆ, ಕಿತ್ತಳೆ. ಆ ಒಂದು ಗಳಿಗೆ ನಾವು ಬಡವರು ಅನ್ನಿಸುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಮನೆಗೆ ಊಟಕ್ಕೆ ಬಂದ ನೀನು, ಅತಿಥಿಗಳೆದುರೇ ನನ್ನ ಬಟ್ಟಲು ಮೂಸಿ, ಚಕ್ಕೆ ಹಳೇದು ಅಂದೆ. ನನ್ನ ಅಡುಗೆಮನೆಯಲ್ಲಿ ಮೂಗು ತೂರಿಸಬೇಡ ಅಂದುಬಿಟ್ಟೆ ನಾನು. ನಿನ್ನ ಕೋಪ ಮೂಗಿನ ತುದಿಯಲ್ಲಿ, ನನ್ನದು ನಾಲಿಗೆಯ ತುದಿಯಲ್ಲಿ. ನಡುವೆ ಎರಡೇ ಬೆರಳಿನ ಅಂತರವಿದ್ದರೂ ಇಬ್ಬರೂ ದಾಟಲಿಲ್ಲ. ಚಕ್ಕೆ ಹಳೆಯದೇ ಆಗಿತ್ತು, ಅಕ್ಕ. ನೀನು ಎದ್ದುಹೋದ ಮೇಲೆ ಮೂಸಿ ನೋಡಿದ್ದೆ.

ತಟ್ಟೆ ಮುಚ್ಚಿಟ್ಟು ಬಹಳ ಹೊತ್ತಾಯಿತು. ಇನ್ನೂ ಇಟ್ಟರೆ ಹುಳಿಯಾದೀತು. ಅಳತೆ ಬರೆದು ಕಳಿಸು.

ನಿನ್ನ
ಮೊಂಡಿ

ತಾ.ಕ.: ಅವಸರ ಅಂದದ್ದು ಸುಳ್ಳು. ಆ ಡಬ್ಬಿಯನ್ನು ಮೂರು ಸಲ ಮೂಸಿಯೇ ಹಾಕಿದ್ದೆ. ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಬಂದರೆ ಬಂದೀತು ಅಂತಾರೆ ಡಾಕ್ಟರು. ಮನೆಯಲ್ಲಿ ಹೇಳಿಲ್ಲ. ಈಗ ಆ ಕೋಣೆಯನ್ನು ನೆನೆದರೆ ಕಿಟಕಿ ಬರುತ್ತೆ, ಚಾಪೆ ಬರುತ್ತೆ, ನಿನ್ನ ಕೈ ಬರುತ್ತೆ. ತಟ್ಟೆ ಎತ್ತಿದರೆ ಏನೂ ಬರಲ್ಲ. ಅಳತೆ ಬೇಡ ಅಕ್ಕ, ನೀನೇ ಬಾ. ನನ್ನ ಅಡುಗೆಮನೆಯಲ್ಲಿ ಮೂಗು ತೂರಿಸು.