ಕಮಾವು ಇನ್ನು ಇಲ್ಲಿಯವನು

ಖಾರಘರ, 28 ಜುಲೈ 2014, ಸೋಮವಾರ

ಗೆದ್ದೆ! ನಮ್ಮ ಬಿಲ್ಡಿಂಗಿನಲ್ಲೇ ಬಾಡಿಗೆಗಿದ್ದು ನಾಲ್ಕು ವರ್ಷ ಓದಿದ ಕೀನ್ಯಾದ ಹುಡುಗ ಕಮಾವು ಈ ಜನವರಿಯಲ್ಲಿ ವರ್ಕ್ ವೀಸಾ ಪಡೆದು ಕೆಲಸಕ್ಕೆ ಸೇರಿದ. ಅವನ ಮೊದಲ ಟ್ಯಾಕ್ಸ್ ರಿಟರ್ನ್ ತುಂಬುವವಳು ನಾನು. ಅವನ ಕಂಪನಿಯ ಅಕೌಂಟೆಂಟನದು ವಾರದಿಂದ ಒಂದೇ ಹಟ, ಅವನನ್ನು ಇಲ್ಲಿಯ ನಿವಾಸಿಯಲ್ಲವೆಂದೇ ಬರೆಯಬೇಕಂತೆ: "ಮೇಡಂ, ಪಾಸ್‌ಪೋರ್ಟ್ ಫಾರಿನ್ ಹೈ, ನಾನ್-ರೆಸಿಡೆಂಟ್ ಹೀ ಲಿಖೋ."

ಪಾಸ್‌ಪೋರ್ಟ್ ಕಟ್ಟಿಕೊಂಡು ಏನಾಗಬೇಕು? ಆ ಹಣಕಾಸು ವರ್ಷ ಎಷ್ಟು ದಿನ ಇಲ್ಲಿದ್ದ ಎಂಬುದಷ್ಟೇ ಲೆಕ್ಕ; ನೂರ ಎಂಬತ್ತೆರಡು ದಿನ ಇದ್ದರೆ ಸಾಕು, ರೆಸಿಡೆಂಟ್. ಸ್ಟೂಡೆಂಟ್ ವೀಸಾದಲ್ಲಿದ್ದ ದಿನಗಳೂ ಅದರಲ್ಲಿ ಸೇರುತ್ತವೆ. ಇವತ್ತು ಫೋನಿನಲ್ಲಿ ಕಾನೂನನ್ನೇ ಓದಿ ಹೇಳಿದೆ. ಮಹಾಶಯ ಕೊನೆಗೂ ಒಪ್ಪಿದ. "ಸಹೀ ಹೈ, ಮೇಡಂ."

ಕಮಾವು ಕುಣಿದೇಬಿಟ್ಟ. "ಆಂಟಿ, ಅಬ್ ಮೈ ಖಾರಘರ್‌ವಾಲಾ!"

ಹನ್ನೆರಡು ವರ್ಷದಿಂದ ಇಲ್ಲೇ ಇದ್ದೂ, ಊರು ಯಾವುದೆಂದರೆ ನನ್ನ ಬಾಯಿಗೆ ಬರುವುದು ಕಾರ್ಕಳ. ನಾಳೆ ಯಾರಾದರೂ ಕೇಳಲಿ, ನಾನೂ ಖಾರಘರದವಳೇ ಎನ್ನುತ್ತೇನೆ.