ಗುರುತಿಲ್ಲದ ಪಾಠ

ನಂದವರಂ,
ಬುಧವಾರ

ಮಲ್ಲೇಶ್ವರಿ ಮೇಡಂ ಅವರಿಗೆ ನಮಸ್ಕಾರ.

ಆದೋನಿಯ ಶಿಕ್ಷಕರ ತರಬೇತಿಯಲ್ಲಿ ಎಲ್ಲರೂ ನಿಮ್ಮ ಕುರಿ ಲೆಕ್ಕದ ಪಾಠವನ್ನೇ ಕೇಳಿ ಪಡೆದರು. ನನ್ನ ಪಾಠಗಳ ಪ್ರತಿ ಹಾಳೆಯಲ್ಲೂ ‘ಅನುಮತಿಯಿಲ್ಲದೆ ನಕಲು ಮಾಡಬಾರದು’ ಎಂದು ಬರೆದಿದ್ದೇನೆ. ಹದಿನಾರು ವರ್ಷವಾಯಿತು, ಅನುಮತಿ ಕೇಳಿ ಒಬ್ಬರೂ ಬಂದಿಲ್ಲ.

ನಿಮ್ಮದರ ಕೊನೆಯಲ್ಲಿ ‘ಯಾರಾದರೂ ಬಳಸಿ, ತಿದ್ದಿ, ಹಂಚಿ, ನನ್ನ ಹೆಸರು ಮಾತ್ರ ಇರಲಿ’ ಎಂದಿತ್ತು. ಆ ಸಾಲಿನ ಮೇಲೂ ಅದರ ಕೆಳಗಿನ ನಿಮ್ಮ ಹೆಸರಿನ ಮೇಲೂ ಬಿಳಿ ಕಾಗದ ಅಂಟಿಸಿ ಜೆರಾಕ್ಸ್ ಮಾಡಿಸಿದೆ. ಅಷ್ಟು ಚಪ್ಪಾಳೆ ಬಿದ್ದ ಹೆಸರು ನನ್ನ ತರಗತಿಗೂ ಬರುವುದು ಬೇಡವೆನಿಸಿತು.

ಹಾಳೆ ಹಂಚಿದಾಗ ಕುರಿಗಾರ ಭೀಮಲಿಂಗಪ್ಪನ ಮಗಳು ಶಿರೀಷಾ ಎದ್ದು ನಿಂತಳು. “ಸಾರ್, ನಮ್ಮಪ್ಪ ಟಗರನ್ನ ಯಾರ ಹಿಂಡಿಗಾದ್ರೂ ಕೊಡ್ತಾನ್ರಿ. ಅದರ ಬೆನ್ನ ಮ್ಯಾಲಿನ ನಮ್ಮ ಗುರುತು ಮಾತ್ರ ಯಾರೂ ಅಳಿಸಂಗಿಲ್ಲ. ಈ ಪಾಠಕ್ಕ ಗುರುತೇ ಇಲ್ಲಲ್ರಿ, ಯಾರದಿದು?”

“ನಂದೇ,” ಅಂದೆ.

ಮನೆಗೆ ಬಂದು ಅಂಟಿಸಿದ್ದನ್ನು ಕಿತ್ತರೆ ನಿಮ್ಮ ಹೆಸರೂ ಹರಿದು ಬಂತು. ದಯವಿಟ್ಟು ಹೆಸರಿರುವ ಇನ್ನೊಂದು ಪ್ರತಿ ಕಳಿಸಿ, ಮೊದಲು ಶಿರೀಷಾಳ ಕೈಗೇ ಕೊಡುತ್ತೇನೆ. ನನ್ನದೊಂದು ಪಾಠವನ್ನು ಇದರೊಂದಿಗೆ ಇಟ್ಟಿದ್ದೇನೆ. ಎಚ್ಚರಿಕೆಯ ಸಾಲನ್ನು ಹೊಡೆದುಹಾಕಿದ್ದೇನೆ. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ನಿಮ್ಮ ಮಕ್ಕಳಿಗೆ ಹಂಚಿ. ನನ್ನ ಹೆಸರಿನ ಮೇಲೆ ಮಾತ್ರ ಕಾಗದ ಅಂಟಿಸಬೇಡಿ.

ಇತಿ,
ವಾಗೀಶ್