ಬಿದ್ದುಹೋದ ಸೊನ್ನೆ

೧೪ ಮಾರ್ಚ್ ೨೦೦೨, ಗುರುವಾರ

ಬಾಳವ್ವನವರ ರಕ್ತಪರೀಕ್ಷೆಯ ವರದಿಗೆ ನಾನೇ ಸಹಿ ಹಾಕಿದ್ದೆ: ಸಕ್ಕರೆ ೩೪. ಅಷ್ಟು ಕಡಿಮೆಯಿದ್ದವರು ನಗುತ್ತ ಮೆಟ್ಟಿಲಿಳಿದು ಹೋಗುತ್ತಾರೆಯೇ? ಸಂಶಯ ಬಂದು, ಲ್ಯಾಬಿನ ಯಂತ್ರ ಕಂಪ್ಯೂಟರಿಗೆ ಕಳಿಸುವ ಅಂಕಿಗಳನ್ನು ಕಂಪ್ಯೂಟರಿನ ಪರದೆಯಲ್ಲಿ ತೆರೆದು ನೋಡಿದೆ; ಅಲ್ಲಿಯೂ ೩೪. ಯಂತ್ರದ ಸ್ವಂತ ಪರದೆಯಲ್ಲಿ ಮಾತ್ರ ೩೪೦ ಇತ್ತು. ಕೇಬಲ್ ದಾಟಿ ಬರುವಷ್ಟರಲ್ಲಿ ಸೊನ್ನೆ ಬಿದ್ದುಹೋಗಿತ್ತು.

ಕೂಡಲೇ ಗೋಪನಕೊಪ್ಪದ ಅವರ ಮನೆಗೆ ಫೋನ್ ಮಾಡಿದೆ.

“ಅವ್ವಗ ಸಕ್ರಿ ನೀರು ಕುಡಸಾಕತ್ತೇನ್ರಿ,” ಎಂದಳು ಮಗಳು ನಾಗರತ್ನಾ.

“ಕುಡಸಬ್ಯಾಡ್ರಿ! ತಪ್ಪು ನಮ್ದು. ಲಗೂ ದವಾಖಾನಿಗೆ ಕರ್ಕೊಂಡು ಹೋಗ್ರಿ.”

ಸಂಜೆ ಮತ್ತೆ ವಿಚಾರಿಸಿದೆ; ಬಾಳವ್ವನವರು ಈಗ ಆರಾಮಾಗಿದ್ದಾರಂತೆ.

ಕಂಪ್ಯೂಟರು ಯಂತ್ರಕ್ಕೆ ‘ತಾಳು’ ಎಂದು ಹೇಳುವ ತಂತಿಯೇ ಕೇಬಲ್ಲಿನೊಳಗೆ ಕಿತ್ತುಹೋಗಿತ್ತು; ಹಾಗಾಗಿ ಯಂತ್ರ ತಡೆಯಿಲ್ಲದೆ ಕಳಿಸಿದ ಅಂಕಿಗಳಲ್ಲಿ ಒಂದು ಕಂಪ್ಯೂಟರಿಗೆ ದಕ್ಕದೆ ಹೋಗಿತ್ತು. ಬೆಸುಗೆ ಹಾಕಿದೆ. ಇಂದಿನ ಉಳಿದ ಹದಿನೆಂಟು ವರದಿಗಳನ್ನೂ ಯಂತ್ರದೊಂದಿಗೆ ತಾಳೆ ನೋಡಿದೆ, ಸರಿಯಿವೆ. ಆದರೆ ತಂತಿ ಕಿತ್ತುಹೋದದ್ದು ಇಂದೇ ಎಂದು ಯಾರು ಹೇಳಬೇಕು? ಸೋಮವಾರದಿಂದ ಕೊಟ್ಟ ವರದಿಗಳಲ್ಲಿ ಯಾವುದರಲ್ಲಾದರೂ ಹೀಗೇ ಸೊನ್ನೆ ಬಿದ್ದಿದ್ದರೆ...